ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಹೊರಟಿರುವ ಹಾಸನದ ತಂಗಿಗೆ

ಹಾಸನದಲ್ಲಿ ನರ್ಸಿಂಗ್ ಮುಗಿಸಿ ಇಂಗ್ಲೆಂಡಿನ ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಸೇರಲಿರುವ ನೀವು, ಮಕ್ಕಳ ಸಾವನ್ನು ನೋಡುತ್ತಾ ಅಲ್ಲಿ ಎಷ್ಟು ಕಾಲ ಗಟ್ಟಿಯಾಗಿರಬಹುದು ಅಕ್ಕ ಎಂದು ಕೇಳಿದ್ದೀರಿ. ಸಕಲೇಶಪುರದಿಂದ ಬಂದು ಇಲ್ಲಿಯೇ ನೆಲೆಸಿ, ಅದೇ ಕೆಲಸದಲ್ಲಿರುವ ನಾನು ಕಂಡದ್ದನ್ನು ಬರೆಯುತ್ತಿದ್ದೇನೆ.

ಇಲ್ಲಿ ಚಿಕಿತ್ಸೆ ಪಡೆಯುವ ಮಕ್ಕಳಲ್ಲಿ ಬಹುಪಾಲು ಗುಣವಾಗಿ ಮನೆಗೆ ಹೋಗುತ್ತಾರೆ. ನಮ್ಮನ್ನು ಬಸವಳಿಸುವುದು ಸಾವೊಂದೇ ಅಲ್ಲ. ಇನ್ನು ಫಲವಿಲ್ಲವೆಂದು ಮನಸ್ಸಿಗೆ ಗೊತ್ತಿದ್ದೂ ಅಳುವ ಮಗುವಿನ ಕೈಯಲ್ಲಿ ಮತ್ತೆ ನರ ಹುಡುಕಿ ಸೂಜಿ ಚುಚ್ಚಬೇಕಾದಾಗ, ತೀರ್ಮಾನ ಬೇರೆಯವರದಾದರೂ ಚುಚ್ಚುವ ಕೈ ನಮ್ಮದಾಗಿರುತ್ತದೆ. ಮಗು ತೀರಿಕೊಂಡರೆ ಅದರ ಮೈ ಒರೆಸಿ, ಅಂಗೈಗೆ ಶಾಯಿ ಹಚ್ಚಿ, ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹೆತ್ತವರಿಗಾಗಿ ಕಾಗದದ ಮೇಲೆ ಅಚ್ಚು ತೆಗೆದುಕೊಡುವವರೂ ಅನೇಕ ಸಲ ನಾವೇ. ಅಷ್ಟರಲ್ಲಿ ಪಕ್ಕದ ಮಗುವಿಗೆ ಆಂಟಿಬಯೋಟಿಕ್ ಕೊಡುವ ಹೊತ್ತಾಗಿರುತ್ತದೆ. ಊರಿನಲ್ಲಾಗಿದ್ದರೆ ಮುಖ ನೋಡಿಯೇ ಅಮ್ಮ ಏನಾಯಿತೆಂದು ಕೇಳುತ್ತಿದ್ದರು. ಇಲ್ಲಿ ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಾಡಿಗೆ ಕೋಣೆಗೆ ಒಬ್ಬರೇ ಮರಳುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಯೆಂದು ಕರೆಯದೆ, ಕೆಲಸದ ತೀರದ ಒತ್ತಡದಿಂದ ಬರುವ ಸ್ಥಿತಿಯೆಂದು ವಿವರಿಸಿತು: ನಿತ್ರಾಣ, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೈಯಲ್ಲಿ ಏನೂ ಆಗುತ್ತಿಲ್ಲವೆಂಬ ಭಾವ. ಎರಡನೆಯದರ ಮೇಲೆ ಕಣ್ಣಿಡಿ. ಮಗುವಿನ ಹೆಸರು ಬಿಟ್ಟು ‘ನಾಲ್ಕನೇ ಬೆಡ್’ ಎನ್ನತೊಡಗಿದ್ದೀರೆಂದರೆ ನಿಮಗೆ ಬಿಡುವು ಬೇಕಾಗಿದೆ. ಅದನ್ನು ನಿಮ್ಮ ಸ್ವಭಾವದ ಕೊರತೆಯೆಂದು ದಯವಿಟ್ಟು ಎಣಿಸಬೇಡಿ.

ಊರಿನ ಸಾಲ ತೀರಿಸಲು ರಜೆಯ ದಿನವೂ ಬ್ಯಾಂಕ್ ಶಿಫ್ಟ್, ಅಂದರೆ ಹೆಚ್ಚುವರಿ ಪಾಳಿ, ಹಿಡಿಯುವುದು ನಮ್ಮವರಲ್ಲಿ ರೂಢಿಯಾಗಿದೆ. ಮೊದಲ ವರ್ಷ ಅದು ಬೇಡ. ಸಾಲ ಒಂದಷ್ಟು ತಿಂಗಳು ತಡವಾಗಿ ತೀರಲಿ. ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಸೇರಿದ ವರ್ಷವೇ ಸಾರ್ವಜನಿಕ ರಜೆಗಳನ್ನು ಬಿಟ್ಟು 27 ದಿನಗಳ ರಜೆಯಿರುತ್ತದೆ. ಅದೆಲ್ಲವನ್ನೂ ಊರಿಗೆ ಹೋಗಲೆಂದು ಕೂಡಿಡದೆ, ನಡುನಡುವೆ ಎರಡು ಮೂರು ದಿನ ತೆಗೆದುಕೊಳ್ಳಿ. ಮಗುವೊಂದು ತೀರಿಕೊಂಡ ಬಳಿಕ ತಂಡದವರೆಲ್ಲ ಕುಳಿತು ಮಾತಾಡುವ ಡಿಬ್ರೀಫ್ ಇದ್ದರೆ, ಇಂಗ್ಲಿಷ್ ತಡವರಿಸುತ್ತದೆಂದು ತಪ್ಪಿಸಿಕೊಳ್ಳಬೇಡಿ. ಸುಮ್ಮನೆ ಕುಳಿತಿದ್ದರೂ ಸಾಕು. ರಾತ್ರಿಗಳು ನಿದ್ದೆಯಿಲ್ಲದೆ ಕಳೆಯತೊಡಗಿದರೆ ವಾರ್ಡ್ ಮ್ಯಾನೇಜರ್‌ಗೆ ತಿಳಿಸಿ, ಸಿಬ್ಬಂದಿಯ ಆರೋಗ್ಯ ನೋಡಿಕೊಳ್ಳುವ ಆಕ್ಯುಪೇಷನಲ್ ಹೆಲ್ತ್ ವಿಭಾಗಕ್ಕೆ ಕಳುಹಿಸಲು ಕೇಳಿ. ಹಾಗೆ ಕೇಳಿದರೆ ವೀಸಾಕ್ಕೆ ತೊಂದರೆಯಾಗುತ್ತದೆಂದು ಹೇಳುವವರು ಸಿಗುತ್ತಾರೆ. ಅವರ ಮಾತನ್ನು ನಂಬಬೇಡಿ.