ಬೀಜ ಒಡೆಸುವ ಮುನ್ನ ಮರಿಗೆ ಯಾವ ಇಂಜೆಕ್ಷನ್?

ಪ್ರಶ್ನೆ: ನಮ್ಮ ದಡ್ಡಿಯ ಮೂರು ತಿಂಗಳ ಟಗರುಮರಿಗಳ ಬೀಜ ಒಡೆಸಬೇಕ್ರಿ. ‘ಕುರಿಗೆ ನೋವು ಗೊತ್ತಾಗಂಗಿಲ್ಲ, ಗೊತ್ತಾದ್ರ ಒದರತಿತ್ತು’ ಅಂತಾರ ನಮ್ಮಪ್ಪ. ಔಷಧ ಅಂಗಡ್ಯಾಗ ಮನುಷ್ಯರ ನೋವಿನ ಔಷಧ ಡೈಕ್ಲೋಫೆನಾಕ್ ಚುಚ್ಚು ಅಂದ್ರು. ಏನ್ ಮಾಡ್ಲಿ?
– ಓದುಗರು, ಹುನಗುಂದ ತಾಲ್ಲೂಕು

ಉತ್ತರ: ಒಡೆಸಲೇಬೇಕೇನು? ಐದಾರು ತಿಂಗಳಿಗೇ ಅಮೀನಗಡ ಸಂತೆಗೆ ಹೊಡೆಯುವ ಮರಿಗಳಾದರೆ ಬೇಡವೇ ಬೇಡ. ನಾಲ್ಕು ತಿಂಗಳಿಗೆ ಹೆಣ್ಣುಮರಿಗಳಿಂದ ಬೇರೆ ಕಟ್ಟಿದರೆ ಸಾಕು.

ತಂದೆಯವರು ಹೇಳಿದ್ದರಲ್ಲಿ ಅರ್ಧ ಖರೆ. ಕುರಿ ಒದರುವುದಿಲ್ಲ. ತೋಳ ಕಾಯ್ದು ಕೂತಿರುವಾಗ ನೋವು ತೋರಿಸಿಕೊಂಡ ಕುರಿ ಉಳಿದೀತೇ? ಆದರೆ ಬೀಜ ಒಡೆದ ಮೇಲೆ ಅರ್ಧ ತಾಸು ಪಕ್ಕದಲ್ಲೇ ಕೂತು ನೋಡಿ. ಮಲಗುತ್ತದೆ, ಏಳುತ್ತದೆ, ಮತ್ತೆ ಮಲಗುತ್ತದೆ. ಹಿಂಗಾಲು ಝಾಡಿಸುತ್ತದೆ, ಮೇಲ್ದುಟಿ ಮಡಚುತ್ತದೆ, ತಾಯಿ ಬಂದರೂ ಮೊಲೆಗೆ ಬಾಯಿ ಹಾಕುವುದಿಲ್ಲ.

ಇಲ್ಲಿ ಎರಡು ಔಷಧ ಬೇಕು, ಎರಡರ ಕೆಲಸ ಬೇರೆಬೇರೆ. ಮೆಲಾಕ್ಸಿಕಾಮ್ ಎಂಬ ನೋವುನಿವಾರಕವನ್ನು ಅರ್ಧ ತಾಸು ಮೊದಲೇ ಕೊಡಬೇಕು. ಬಾವು, ಆಮೇಲಿನ ನೋವು ಅದರಿಂದ ಹತೋಟಿಗೆ ಬರುತ್ತವೆ. ಆದರೆ ಬೀಜದ ನರವನ್ನು ಇಕ್ಕಳದಿಂದ ಅಮುಕುವ ಗಳಿಗೆಗೆ ಅದು ಸಾಲದು. ಅದಕ್ಕೆ ಆ ನರಕ್ಕೆ ಲಿಗ್ನೊಕೇನ್ ಹಾಕಿ ಮರಗಟ್ಟಿಸಬೇಕು. ಹಾಕಿದ ಕೂಡಲೇ ಇಕ್ಕಳ ಎತ್ತಿದರೆ ಔಷಧ ಹಾಕಿದ್ದೇ ದಂಡ, ಐದು ನಿಮಿಷ ತಡೆಯಿರಿ. ಹತ್ತು ಕಿಲೋ ಮರಿಗೆ ಶೇ 2ರ ಲಿಗ್ನೊಕೇನ್ ಒಟ್ಟು 2 ಮಿಲಿ ದಾಟಬಾರದು, ಹೆಚ್ಚಾದರೆ ಮರಿ ನಡುಗಿ ಬೀಳುತ್ತದೆ. ಹಾಗಾಗಿ ಎರಡನ್ನೂ ಡಾಕ್ಟರ ಕೈಯಿಂದಲೇ ಹಾಕಿಸಿ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ.

ಡೈಕ್ಲೋಫೆನಾಕ್ ಮುಟ್ಟಬೇಡಿ. ದನಕರು, ಕುರಿಗಳಿಗೆ ಅದು 2006ರಿಂದಲೇ ನಿಷೇಧ. ಆ ಔಷಧ ಮೈಯಲ್ಲಿರುವಾಗ ಸತ್ತ ಪ್ರಾಣಿಯನ್ನು ತಿಂದ ರಣಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಮೆಲಾಕ್ಸಿಕಾಮ್‌ಗೆ ಆ ದೋಷವಿಲ್ಲ.

ಬೀಜದ ಚೀಲದ ಬುಡಕ್ಕೆ ಬಿಗಿಯುವ ರಬ್ಬರ್ ರಿಂಗ್ ಹಾಕೋಣವೇ ಎಂದು ಕೆಲವರು ಕೇಳುತ್ತಾರೆ. ಅದು ಹುಟ್ಟಿದ ವಾರದೊಳಗಿನ ಮಾತು. ಮೂರು ತಿಂಗಳ ನಿಮ್ಮ ಮರಿಗಳಿಗೆ ರಿಂಗ್ ಹಾಕಿದರೆ ಧನುರ್ವಾಯುವಿನ ಅಪಾಯವೇ ಹೆಚ್ಚು. ಚರ್ಮ ಕೊಯ್ಯದೆ ಒಳಗಿನ ನರ ಅಮುಕುವ ಬರ್ಡಿಜೋ ಇಕ್ಕಳವೇ ಇರಲಿ. ಗಾಯವಾಗದು, ನೊಣ ಕೂರದು. ಎಡ ಬಲ ನರಗಳನ್ನು ಒಂದೊಂದಾಗಿ, ಮೇಲೆ ಕೆಳಗೆ ಅಮುಕಿಸಿ. ಒಂದೇ ಗೆರೆಯಲ್ಲಿ ಅಮುಕಿದರೆ ಚೀಲಕ್ಕೇ ರಕ್ತ ನಿಂತು ಕೊಳೆಯುತ್ತದೆ.

ಕಿವಿಗೆ ಗುರುತಿನ ಓಲೆ ಹಾಕಿಸುವುದಿದ್ದರೆ ಅದೇ ದಿನ ಮುಗಿಸಿ, ಮೆಲಾಕ್ಸಿಕಾಮ್ ಹೇಗೂ ಮೈಯಲ್ಲಿರುತ್ತದೆ. ತಂಪು ಹೊತ್ತಿನಲ್ಲಿ ಮಾಡಿಸಿ, ಮುಗಿದ ತಕ್ಷಣ ತಾಯಿ ಹತ್ತಿರ ಬಿಡಿ. ದಡ್ಡಿ ಕಿತ್ತು ಬೇರೆಡೆಗೆ ಹೋಗುವ ದಿನ ಮಾತ್ರ ಈ ಕೆಲಸ ಇಟ್ಟುಕೊಳ್ಳಬೇಡಿ. ಒಡೆಸಿದ ಮರಿಯನ್ನು ಮರುದಿನವೂ ದೂರ ನಡೆಸಬಾರದು.