ಹಳೆ ಲ್ಯಾಪ್‌ಟಾಪ್ ಬಿಸಾಡಬೇಡಿ

ಯಾದಗಿರಿಯ ಸರ್, 4 ಜಿಬಿ ರ‍್ಯಾಮ್ ಇರುವ ಹಳೆ ಲ್ಯಾಪ್‌ಟಾಪಲ್ಲಿ ದುಡ್ಡು ಕೊಡದೆ ಕನ್ನಡ ಪತ್ರ ಟೈಪ್ ಮಾಡೋದು ಹೇಗೆ ಅಂತ ಕೇಳಿದ್ದೀರಿ. ನೌಕಾಪಡೆಯಿಂದ ನಿವೃತ್ತನಾಗಿ ಬೀದರಿನಲ್ಲಿದ್ದೇನೆ, ನನ್ನದೂ ಅಂಥದ್ದೇ ಡಬ್ಬಿ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಅಪ್‌ಡೇಟ್ ನಿಂತ ಮೇಲೆ ಅದರ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಎಕ್ಸ್‌ಎಫ್‌ಸಿಇ ಎಂಬ ಮಿಂಟ್ ಆವೃತ್ತಿಯನ್ನೇ ಆರಿಸಿ, ಹಳೆ ಯಂತ್ರಕ್ಕೆ ಹಗುರ. ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಇನ್‌ಸ್ಟಾಲ್ ಮಾಡುವ ಮುನ್ನ ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ನಾನು ಮರೆತು ಮನೆಯವರಿಂದ ಚೆನ್ನಾಗಿ ಬೈಸಿಕೊಂಡೆ!

ಪತ್ರ ಟೈಪ್ ಮಾಡುವ ತಂತ್ರಾಂಶ ಲಿಬ್ರೆಆಫೀಸ್ ಮಿಂಟ್ ಜೊತೆಗೇ ಬರುತ್ತದೆ. ಯೂನಿಕೋಡ್‌ನಲ್ಲೇ (ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಟೈಪ್ ಮಾಡಿ, ಯಾರ ಮೊಬೈಲಲ್ಲೂ ಓದಬಹುದು. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನ ಫೈಲುಗಳಿದ್ದರೆ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಆನ್‌ಲೈನಲ್ಲಿವೆ.

ಕೇಳದಿದ್ದರೂ ಒಂದು ಹೇಳ್ತೇನೆ: ಆಕಾಶದ ನಕ್ಷತ್ರಗಳನ್ನು ತೆರೆಯ ಮೇಲೆ ತೋರಿಸುವ ಸ್ಟೆಲೇರಿಯಂ ತಂತ್ರಾಂಶ ಹಾಕಿಕೊಳ್ಳಿ. ಹಡಗಿನ ಡೆಕ್ಕಿನಿಂದ ನೋಡುತ್ತಿದ್ದ ನಕ್ಷತ್ರಗಳನ್ನು ಈಗ ಮಾಳಿಗೆ ಮೇಲೆ ಮೊಮ್ಮಗನಿಗೆ ಹೆಸರು ಹೇಳಿ ತೋರಿಸ್ತೇನೆ.