ತೈಲಬಾವಿಯಲ್ಲಿ 'ಫಿಶಿಂಗ್' ಅಂದರೆ ಏನು?

ಡ್ರಿಲ್ಲಿಂಗ್ ವರದಿಯೊಂದರಲ್ಲಿ 'ಮೂರು ದಿನದಿಂದ ಫಿಶಿಂಗ್' ಎಂದು ಓದಿ, ಬಾವಿ ಕೊರೆಯುವ ರಿಗ್ ಮೇಲೆ ಮೀನು ಹಿಡೀತಾರಾ ಎಂದು ಕೇಳಿದ್ದೀರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದನ್ನೇ ಕೇಳಿ ನಗೆಪಾಟಲಾಗಿದ್ದೆ.

ಇಲ್ಲಿ ಮೀನು ಅಂದರೆ ಬಾವಿಯೊಳಗೆ ಉಳಿದುಹೋದ ವಸ್ತು. ತುಂಡಾದ ಪೈಪ್, ಕೊರೆಯುವ ತುದಿಯಾದ ಬಿಟ್‌ನಿಂದ ಕಳಚಿದ ಹಲ್ಲುಚಕ್ರ (ಕೋನ್), ಕಡಿದ ವೈರ್, ಯಾರದೋ ಕೈಜಾರಿದ ಸ್ಪ್ಯಾನರ್, ಎಲ್ಲವೂ 'ಫಿಶ್'. ಅದನ್ನು ಮೇಲೆತ್ತುವುದು ಫಿಶಿಂಗ್. ಹಗ್ಗಕ್ಕೆ ಭಾರದ ಉಳಿ ಕಟ್ಟಿ, ಕುಟ್ಟಿ ಕುಟ್ಟಿ ಬಾವಿ ತೋಡುತ್ತಿದ್ದ ಕಾಲದಿಂದಲೂ ಈ ಮಾತಿದೆ. ಹಗ್ಗ ಕಡಿದರೆ ಇನ್ನೊಂದಕ್ಕೆ ಕೊಕ್ಕೆ ಕಟ್ಟಿ ಬಿಡುವುದು. ಗಾಳ ಹಾಕಿದ ಹಾಗೇ ಅಲ್ವಾ? ಬಾವಿಗೆ ಬಿದ್ದ ಕೊಡ ತೆಗೆಯೋ ಪಾತಾಳಗರಡಿ ಗೊತ್ತಿದ್ದವರಿಗೆ ಜಾಸ್ತಿ ವಿವರಿಸಬೇಕಿಲ್ಲ.

ಆದರೆ ಈ ಬಾವಿ ಎರಡು ಮೂರು ಕಿಲೋಮೀಟರ್ ಆಳ, ತಳದಲ್ಲಿ ಅಗಲ ಹೆಚ್ಚುಕಡಿಮೆ ಒಂದು ಗೇಣು. ಒಳಗೆಲ್ಲ ಕೊರೆಯುವಾಗ ತುಂಬುವ ಕೆಸರಿನಂಥ ದ್ರವ, ಮಡ್. ಏನೂ ಕಾಣೋದಿಲ್ಲ. ಅದಕ್ಕೇ ಎಷ್ಟೋ ಸಲ ಮೊದಲು, ತಳಕ್ಕೆ ಸೀಸ ಹಾಕಿದ ಇಂಪ್ರೆಶನ್ ಬ್ಲಾಕ್ ಇಳಿಸಿ ಮೀನಿನ ತಲೆಯ ಮೇಲೆ ಒತ್ತುತ್ತಾರೆ. ಸೀಸ ಮೆತ್ತಗಿರುವುದರಿಂದ ಅಚ್ಚು ಬೀಳುತ್ತದೆ. ಒಮ್ಮೆ ಮೇಲೆ ಬಂದ ಬ್ಲಾಕ್‌ನ ಅಂಚಿನಲ್ಲಿ ಅರ್ಧಚಂದ್ರದಂಥ ಗುರುತು ಮಾತ್ರ ಇತ್ತು. ನಮ್ಮ ಹಿರಿಯರೊಬ್ಬರು ಅದನ್ನು ಹೆಬ್ಬೆರಳಿನಿಂದ ಸವರಿ, "ಪೈಪ್ ನೆಟ್ಟಗಿಲ್ಲ, ಗೋಡೆಗೆ ಒರಗಿದೆ" ಅಂದರು. ಕೊಕ್ಕೆಯಿರುವ ಗೈಡ್ ಹಾಕಿ, ಅದನ್ನು ನಡುವಿಗೆ ಎಳೆದ ಮೇಲೇ ಹಿಡಿತ ಸಿಕ್ಕಿದ್ದು.

ಯಾವ ಸಾಧನದಿಂದ ಹಿಡಿಯಬೇಕು ಅನ್ನುವುದು ಮೀನು ಎಂಥದ್ದು ಅನ್ನುವುದನ್ನು ಅವಲಂಬಿಸಿದೆ. ಪೈಪನ್ನು ಹೊರಗಿನಿಂದ ತಬ್ಬುವುದು ಓವರ್‌ಶಾಟ್, ಅದರೊಳಗೆ ಹೊಕ್ಕು ಹಿಡಿಯುವುದು ಸ್ಪಿಯರ್. ಚೂರುಪಾರು ಕಬ್ಬಿಣಕ್ಕೆ ಮ್ಯಾಗ್ನೆಟ್ ಸಾಕು.

ಬಳಕೆಯಲ್ಲಿ ಜನ ಎಡವುವುದು ಒಂದು ಕಡೆ. ಪೈಪ್ ಸಿಕ್ಕಿಹಾಕಿಕೊಂಡ ಮಾತ್ರಕ್ಕೆ ಅದು ಫಿಶ್ ಅಲ್ಲ, 'ಸ್ಟಕ್ ಪೈಪ್' ಅಷ್ಟೇ. ಅದರ ಮೇಲ್ತುದಿ ಇನ್ನೂ ನಮ್ಮ ಕೈಯಲ್ಲೇ ಇರುತ್ತದೆ. ಬಿಡಿಸಲಾಗದೆ ಮೇಲಿನ ಭಾಗ ಕತ್ತರಿಸಿಯೋ ತಿರುಗಿಸಿ ಬಿಚ್ಚಿಯೋ ತೆಗೆದ ಮೇಲೆ, ಕೆಳಗೆ ಉಳಿದದ್ದು ಫಿಶ್. ಇನ್ನು 'ಟಾಪ್ ಆಫ್ ಫಿಶ್ 2,140 ಮೀಟರ್' ಎಂದಿದ್ದರೆ ಅದು ಬಾವಿಯ ಆಳವಲ್ಲ, ಮೀನಿನ ತಲೆ ಇರುವ ಆಳ.

ರಿಗ್ ಸುಮ್ನೆ ನಿಂತರೂ ಬಾಡಿಗೆ ಓಡುತ್ತಲೇ ಇರುತ್ತದೆ, ಹಾಗಾಗಿ ಯಾರೂ ಕೊನೆಯಿಲ್ಲದೆ ಗಾಳ ಹಾಕುತ್ತಾ ಕೂರುವುದಿಲ್ಲ. ನಿಮ್ಮ ವರದಿಯಲ್ಲಿ ಮುಂದೆ 'ಸೈಡ್‌ಟ್ರ್ಯಾಕ್' ಎಂಬ ಪದ ಇದೆಯಾ ನೋಡಿ. ಇದ್ದರೆ ಮೀನು ಸಿಗಲಿಲ್ಲ. ಅದರ ಮೇಲೆ ಸಿಮೆಂಟ್ ಸುರಿದು, ಪಕ್ಕದಿಂದ ಬೇರೆ ದಾರಿ ಕೊರೆದಿದ್ದಾರೆ.